ಹಬ್ಬದ ಪ್ರದರ್ಶನ ಮತ್ತು ವಸ್ತುಸಂಗ್ರಹಾಲಯ: ಹಳೆ ಮೈಸೂರು ಸೀಮೆಯ ಒಂದು ಚರಿತ್ರೆ

ಹಳೆ ಮೈಸೂರು ಸೀಮೆಯಲ್ಲಿ ವಸ್ತುಗಳನ್ನು ಜನರ ಮುಂದಿಡುವ ಪದ್ಧತಿ ಎರಡು ದಾರಿಗಳಲ್ಲಿ ಬೆಳೆಯಿತು. ಒಂದು, ವರ್ಷವಿಡೀ ಬಾಗಿಲು ತೆರೆದಿರುವ ಸಂಗ್ರಹಾಲಯದ ದಾರಿ. ಸಂಸ್ಥಾನವು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದಾಗ, 1865ರಲ್ಲಿ, ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಮ್ಯೂಸಿಯಂ ಈ ಬಗೆಯದು. ಇನ್ನೊಂದು, ಹಬ್ಬಕ್ಕೆ ತೆರೆದು ಹಬ್ಬ ಕಳೆದ ಮೇಲೆ ಮುಚ್ಚುವ ಪ್ರದರ್ಶನದ ದಾರಿ. ಸಂಗ್ರಹಾಲಯಗಳ ಚರಿತ್ರೆಯಲ್ಲಿ ಎರಡನೆಯದು ಸಾಮಾನ್ಯವಾಗಿ ಜಾತ್ರೆಯ ಲೆಕ್ಕಕ್ಕೆ ಸೇರಿ ಬದಿಗೆ ಸರಿಯುತ್ತದೆ. ಆದರೆ ಈ ಸೀಮೆಯ ಸಾಮಾನ್ಯ ಜನ ವಸ್ತುವೊಂದನ್ನು ನಿಂತು ನೋಡಲು ಕಲಿತದ್ದು ಬಹುಮಟ್ಟಿಗೆ ಈ ಎರಡನೆಯ ದಾರಿಯಲ್ಲೇ.

ಮೈಸೂರಿನ ದಸರಾ ವಸ್ತುಪ್ರದರ್ಶನವನ್ನು ಹತ್ತನೆಯ ಚಾಮರಾಜೇಂದ್ರ ಒಡೆಯರು 1888ರಲ್ಲಿ ಆರಂಭಿಸಿದರು. ಅದಕ್ಕೆ ದಸರೆಯೇ ಕಾಲವಾದದ್ದಕ್ಕೆ ಉತ್ಸವದ ಜೊತೆಗೆ ಇನ್ನೊಂದು ಹಿನ್ನೆಲೆಯೂ ಇತ್ತು. 1881ರಲ್ಲಿ ಆಡಳಿತ ಒಡೆಯರಿಗೆ ಮರಳಿದಾಗ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿ, ಅದರ ವಾರ್ಷಿಕ ಅಧಿವೇಶನವನ್ನು ದಸರೆಗೆ ಹೊಂದಿಸಿದ್ದರು. ಜಮೀನುದಾರರು, ವರ್ತಕರು ತಾಲ್ಲೂಕು ತಾಲ್ಲೂಕುಗಳಿಂದ ರಾಜಧಾನಿಗೆ ಬರುತ್ತಿದ್ದರು. ಬೇಸಾಯ ಮತ್ತು ಕೈಗಾರಿಕೆಯಲ್ಲಿ ಆಗುತ್ತಿದ್ದ ಬದಲಾವಣೆಗಳನ್ನು ತೋರಿಸಲು ಇದಕ್ಕಿಂತ ತಕ್ಕ ನೋಡುಗರು ವರ್ಷದ ಬೇರೆ ಯಾವ ಕಾಲದಲ್ಲೂ ಒಟ್ಟಿಗೆ ಸಿಗುತ್ತಿರಲಿಲ್ಲ. ಇಲ್ಲಿ ಕಂಡದ್ದನ್ನು ಅವರು ಊರಿಗೆ ಹೋಗಿ ಹೇಳಬಲ್ಲವರಾಗಿದ್ದರು. ಇಂದು ಅರಮನೆಯ ಸಮೀಪದ ದೊಡ್ಡಕೆರೆ ಮೈದಾನದಲ್ಲಿ ಸುಮಾರು ಮೂರು ತಿಂಗಳು ನಡೆಯುವ ಪ್ರದರ್ಶನದಲ್ಲಿ ಸರ್ಕಾರಿ ಇಲಾಖೆಗಳ ಮಳಿಗೆಗಳಿದ್ದರೂ ಜನಸಂದಣಿ ಸೇರುವುದು ವ್ಯಾಪಾರ ಮತ್ತು ಮನರಂಜನೆಯ ಕಡೆಗೆ. ಹೊಸದನ್ನು ಪರಿಚಯಿಸಬೇಕೆಂಬ ಮೂಲ ಉದ್ದೇಶ ಹಿಂದೆ ಸರಿದಿರುವುದು ನಿಜವಾದ ನಷ್ಟ.

ಅರಮನೆಯ ಒಳಗೆ ಇದೇ ಋತುಧರ್ಮ ಹೆಚ್ಚು ಆಳವಾಗಿದೆ. ರತ್ನಖಚಿತ ಸಿಂಹಾಸನದ ಭಾಗಗಳು ವರ್ಷದ ಹೆಚ್ಚಿನ ಕಾಲ ಭದ್ರತಾ ಕೊಠಡಿಯಲ್ಲಿರುತ್ತವೆ. ನವರಾತ್ರಿ ಸಮೀಪಿಸಿದಾಗ ಶುಭ ಮುಹೂರ್ತದಲ್ಲಿ ಅವನ್ನು ಹೊರತೆಗೆದು ಅಂಬಾವಿಲಾಸದಲ್ಲಿ ಜೋಡಿಸುತ್ತಾರೆ. ಈ ಕೆಲಸಕ್ಕೆ ಗೆಜ್ಜಗಳ್ಳಿಯ ಗ್ರಾಮಸ್ಥರು ಬರುವುದು ವಾಡಿಕೆ. ಪಾಡ್ಯದ ದಿನ ಸಿಂಹದ ಮುಖವನ್ನು ಕೂಡಿಸಿ, ಪೂಜೆಯಾದ ಬಳಿಕವೇ ಖಾಸಗಿ ದರ್ಬಾರ್. ಉತ್ಸವ ಮುಗಿದ ಕೆಲವು ದಿನಗಳಲ್ಲಿ ಅದನ್ನು ಮತ್ತೆ ಬಿಚ್ಚಿಡುತ್ತಾರೆ. ಸಾರ್ವಜನಿಕರಿಗೆ ಅದರ ದರ್ಶನ ಈ ಅವಧಿಗೆ ಸೀಮಿತ. ಚಿನ್ನದ ಅಂಬಾರಿಯದು ಇದಕ್ಕೆ ತಿರುಗುಮುರುಗಾದ ಕಥೆ. ಸುಮಾರು 750 ಕಿಲೋ ತೂಕದ, ಮರದ ಚೌಕಟ್ಟಿಗೆ ಬಂಗಾರದ ತಗಡು ಹೊದಿಸಿದ ಈ ವಸ್ತು ಅರಮನೆಯ ಪ್ರೇಕ್ಷಕರಿಗೆ ಉಳಿದ ದಿನಗಳಲ್ಲೂ ಕಾಣಸಿಗುತ್ತದೆ. ವಿಜಯದಶಮಿಯಂದು ಮಾತ್ರ ಚಾಮುಂಡೇಶ್ವರಿಯ ವಿಗ್ರಹವನ್ನು ಹೊತ್ತು, ಆನೆಯ ಬೆನ್ನೇರಿ, ಬನ್ನಿಮಂಟಪದವರೆಗೆ ಸಾಗುತ್ತದೆ. ಒಂದೇ ವಸ್ತು ಕಲಾಕೃತಿಯೂ ಹೌದು, ಸೇವೆಯಲ್ಲಿರುವ ಪರಿಕರವೂ ಹೌದು. ಪ್ರದರ್ಶನಕ್ಕೆ ಇಟ್ಟದ್ದನ್ನು ಬಳಕೆಗೆ ತೆಗೆಯಬಾರದೆಂಬ ಸಂಗ್ರಹಾಲಯದ ರೂಢಿಯ ನಿಯಮವನ್ನು ಮೈಸೂರು ವರ್ಷಕ್ಕೊಮ್ಮೆ ಲಕ್ಷಾಂತರ ಜನರೆದುರು ಬದಿಗಿಡುತ್ತದೆ.

ಅರಮನೆಯ ಗೊಂಬೆ ತೊಟ್ಟಿಗೆ ಆ ಹೆಸರು ಬಂದದ್ದು ನವರಾತ್ರಿಯಲ್ಲಿ ಅಲ್ಲಿ ಗೊಂಬೆ ಕೂರಿಸುತ್ತಿದ್ದುದರಿಂದ. ಹತ್ತೊಂಬತ್ತನೆಯ ಶತಮಾನದ ಮತ್ತು ಇಪ್ಪತ್ತರ ಆರಂಭದ ಗೊಂಬೆಗಳು ಈಗ ಅಲ್ಲಿ ನೆಲೆ ನಿಂತಿವೆ. ಮನೆಗಳಲ್ಲಿ ನಡೆಯುವ ಗೊಂಬೆ ಹಬ್ಬವೂ ಒಂದು ಪುಟ್ಟ ವಸ್ತುಪ್ರದರ್ಶನವೇ: ಮೆಟ್ಟಿಲ ಮೇಲೆ ಬಿಳಿ ಬಟ್ಟೆ ಹಾಸಿ, ಮೇಲಿನ ಸಾಲಿನಲ್ಲಿ ಪಟ್ಟದ ಗೊಂಬೆಗಳನ್ನು ನಿಲ್ಲಿಸಿ, ಕೆಳಗೆ ದೇವರು, ಮದುವೆ ದಿಬ್ಬಣ, ಸಂತೆ, ತೋಟವನ್ನು ಹೂಡುತ್ತಾರೆ. ಸಂಜೆ ನೆರೆಮನೆಯ ಮಕ್ಕಳನ್ನು ಕರೆದು, ಆರತಿ ಮಾಡಿ, ತಿಂಡಿ ಕೊಡುತ್ತಾರೆ. ಯಾವ ಗೊಂಬೆ ಯಾರ ತವರಿನಿಂದ ಬಂತು ಎಂಬುದನ್ನು ಮನೆಯ ಹಿರಿಯ ಹೆಂಗಸರು ಹೇಳುತ್ತಾರೆ. ಸಂಗ್ರಹಾಲಯದ ದಾಖಲೆ ಪುಸ್ತಕ ಮಾಡುವ ಕೆಲಸವೂ ಅದೇ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ 2005ರಿಂದ ದಸರೆಯ ಹೊತ್ತಿಗೆ ನಡೆಸುತ್ತ ಬಂದಿರುವ ‘ಬೊಂಬೆ ಮನೆ’ ಈ ಮನೆಯ ಹಬ್ಬವನ್ನು ಸಾರ್ವಜನಿಕ ಗ್ಯಾಲರಿಗೆ ತಂದಿತು.

ಜಾನಪದ ಸಂಗ್ರಹಾಲಯಗಳಿಗೆ ಋತುವಿನ ಪ್ರಶ್ನೆ ಬೇರೆ ರೀತಿಯಲ್ಲಿ ಎದುರಾಯಿತು. ಮೈಸೂರು ವಿಶ್ವವಿದ್ಯಾನಿಲಯ 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿತು. ಜಯಲಕ್ಷ್ಮೀ ವಿಲಾಸದಲ್ಲಿರುವ ಅದರ ಸಂಗ್ರಹಕ್ಕಾಗಿ ಪಿ. ಆರ್. ತಿಪ್ಪೇಸ್ವಾಮಿ, ಜೀ. ಶಂ. ಪರಮಶಿವಯ್ಯ ಮೊದಲಾದವರು ಹಳ್ಳಿಹಳ್ಳಿ ಸುತ್ತಿದರು. ಅವರು ತಂದ ಕೂರಿಗೆ, ಬೀಸುವ ಕಲ್ಲು, ಸೋಮನ ಮುಖ, ತೊಗಲು ಗೊಂಬೆಗಳಲ್ಲಿ ಬಹುಪಾಲು ಬಿತ್ತನೆಗೋ ಸುಗ್ಗಿಗೋ ಊರಹಬ್ಬಕ್ಕೋ ಸೇರಿದವು. ಕಾಲದಿಂದ ಕಳಚಿ ಗೋಡೆಗೆ ನೇತುಹಾಕಿದರೆ ಅವುಗಳ ಅರ್ಧ ಅರ್ಥ ಹೋಗುತ್ತದೆ. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ, 1994ರಲ್ಲಿ ತೆರೆದ ಜಾನಪದ ಲೋಕ ಇದಕ್ಕೆ ಉತ್ತರ ಹುಡುಕಿತು. ಲೋಕಮಹಲಿನಲ್ಲಿ ವಸ್ತುಗಳಿವೆ, ಹೊರಗಿನ ಬಯಲು ರಂಗಮಂದಿರದಲ್ಲಿ ಅವನ್ನು ಬಾರಿಸುವ, ಆಡಿಸುವ, ಹೊತ್ತು ಕುಣಿಯುವ ಕಲಾವಿದರಿಗೆ ಜಾಗವಿದೆ. ಲೋಕೋತ್ಸವ, ಆಷಾಢದ ಗಾಳಿಗೆ ಹೊಂದುವ ಗಾಳಿಪಟ ಉತ್ಸವ ಮುಂತಾದವು ಸಂಗ್ರಹಾಲಯದ ಚಟುವಟಿಕೆಯನ್ನು ಹಳ್ಳಿಯ ಪಂಚಾಂಗಕ್ಕೆ ಕಟ್ಟಿದವು. ನಾಗೇಗೌಡರ ಈ ಕಲ್ಪನೆ ರಾಜ್ಯದ ಸಂಗ್ರಹಾಲಯ ಚರಿತ್ರೆಯಲ್ಲಿ ದೊಡ್ಡ ಹೆಜ್ಜೆ.

ತಾತ್ಕಾಲಿಕ ಪ್ರದರ್ಶನಕ್ಕೆ ವಸ್ತುವಿನ ಆರೋಗ್ಯವೂ ಒಂದು ಕಾರಣ. ತೊಗಲು ಗೊಂಬೆಯ ಬಣ್ಣ ಕಾಣಬೇಕಾದರೆ ಹಿಂದಿನಿಂದ ಬೆಳಕು ಬೇಕು. ಅದೇ ಬೆಳಕು ದಿನವಿಡೀ ಬಿದ್ದರೆ ಬಣ್ಣ ಮಾಸುತ್ತದೆ. ಬಟ್ಟೆ, ತಾಳೆಗರಿ, ಜಲವರ್ಣ ಚಿತ್ರಗಳಿಗೆ ಸುಮಾರು 50 ಲಕ್ಸ್ ಮೀರದ ಬೆಳಕಿರಬೇಕೆಂಬುದು ಸಂರಕ್ಷಣಾ ತಜ್ಞರ ಸಾಮಾನ್ಯ ಸಲಹೆ. ಮಳೆಗಾಲದ ತೇವಕ್ಕೆ ತೊಗಲು ಮುರುಟುತ್ತದೆ, ಬೂಷ್ಟು ಹಿಡಿಯುತ್ತದೆ. ಕೆಲವು ವಾರ ತೋರಿಸಿ, ಬಳಿಕ ಕತ್ತಲಲ್ಲಿ ಒಣಗಿರುವ ಕಡೆ ಇಟ್ಟು ಬೇರೆಯದನ್ನು ಹೊರತೆಗೆಯುವ ಸರದಿ ಇಂಥ ಸಂಗ್ರಹಕ್ಕೆ ಅನಿವಾರ್ಯ.

ಹೊರಗಿನಿಂದ ಬಂದ ದಿನಾಚರಣೆಗಳಲ್ಲಿ ಮುಖ್ಯವಾದುದು ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಳಿ 1977ರಲ್ಲಿ ಆರಂಭಿಸಿದ ಮೇ 18ರ ವಸ್ತುಸಂಗ್ರಹಾಲಯ ದಿನ. ಕರ್ನಾಟಕದಲ್ಲಿ ಅದು ಬೇಸಿಗೆ ರಜೆಯೊಳಗೆ ಬೀಳುವುದರಿಂದ ಶಾಲೆಗಳ ತಂಡಗಳು ಬರುವುದು ಕಷ್ಟ. ಕುಟುಂಬಗಳಿಗೆ, ಬೇಸಿಗೆ ಶಿಬಿರದ ಮಕ್ಕಳಿಗೆ ಅದು ಒದಗುತ್ತದೆ. ಶಾಲೆಗಳಿಗೆ ಹೆಚ್ಚು ಅನುಕೂಲವಾಗುವುದು ನವೆಂಬರ್ 19ರಿಂದ 25ರವರೆಗಿನ ವಿಶ್ವ ಪರಂಪರೆ ಸಪ್ತಾಹ: ಮಳೆ ಹಿಂದೆ ಸರಿದಿರುತ್ತದೆ, ರಾಜ್ಯೋತ್ಸವದ ತಿಂಗಳಾದ್ದರಿಂದ ಶಾಸನ, ಶಿಲ್ಪಗಳ ಬಗ್ಗೆ ತರಗತಿಗಳಲ್ಲೂ ಮಾತು ನಡೆದಿರುತ್ತದೆ, ಪ್ರವಾಸಗಳಿಗೂ ಅದೇ ಕಾಲ.