ಗ್ರಾಮದ ಕಡತಗಳು

ಕಡತವೆಂಬ ಶಬ್ದವು ಈಗ ಕಚೇರಿಯ ಕಾಗದದ ಕಟ್ಟಿಗೆ ರೂಢವಾಗಿದೆ. ಪೂರ್ವದಲ್ಲಿ ಅದು, ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಲೇಪಿಸಿದ ಅರಿವೆಯನ್ನು ಮಡಿಸಿ ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕ. ಬೇಕಾದಂತೆ ಅಳಿಸಿ ಬರೆಯಬಹುದಾಗಿತ್ತೆಂಬುದೇ ಅದರ ಗುಣವೂ ದೋಷವೂ ಆಗಿತ್ತು! ಶಾನುಭೋಗಿಕೆಯು ವಂಶಪಾರಂಪರ್ಯವಾಗಿದ್ದುದರಿಂದ ಗ್ರಾಮದ ಲೆಕ್ಕವು ಒಂದು ಮನೆತನದ ಸೊತ್ತಿನಂತಿದ್ದಿತು. ಕೇಳಹೋದ ರೈತನು ದಾಕ್ಷಿಣ್ಯವನ್ನೇ ನಂಬಬೇಕಾಗಿದ್ದಿತು.

ಮೈಸೂರು ಸೀಮೆಯಲ್ಲಿ 1863ರಲ್ಲಿ ಸರ್ವೆಯು ಆರಂಭವಾಗಿ, ಹೆಸರಿನಿಂದ ಕರೆಯುತ್ತಿದ್ದ ಹೊಲಗಳಿಗೆ ಕ್ರಮೇಣ ನಂಬರುಗಳು ಬಂದವು. 1961ರ ಕಾಯಿದೆಯು ಆ ವಂಶಪಾರಂಪರ್ಯದ ಹಕ್ಕನ್ನು ತೆಗೆದುಹಾಕಿತು. 2005ರ ಮಾಹಿತಿ ಹಕ್ಕಿನ ಕಾಯಿದೆಯಾದರೋ, ದಾಕ್ಷಿಣ್ಯದ ಸ್ಥಾನದಲ್ಲಿ ಅಧಿಕಾರವನ್ನೇ ಇಟ್ಟಿತು: ಕೇಳುವವನು ಕಾರಣವನ್ನು ಹೇಳಬೇಕಾಗಿಲ್ಲ.

ಆದರೆ ಕೇಳುವ ಕ್ರಮವನ್ನರಿಯಬೇಕು. ಊರ ಕೆರೆಯ ಅಂಗಳವು ಒತ್ತುವರಿಯಾಗಿದೆಯೆಂಬ ಸಂಶಯವಿದ್ದಲ್ಲಿ, ಕೆರೆಯ ಚರಿತ್ರೆಯನ್ನು ತಿಳಿಸಿರೆಂದು ಬರೆದರೆ ಫಲವಿಲ್ಲ. ಗ್ರಾಮ, ಹೋಬಳಿ, ಸರ್ವೆ ನಂಬರುಗಳನ್ನು ನಮೂದಿಸಿ ಗ್ರಾಮನಕ್ಷೆ, ಆಕಾರಬಂದು, ಮೂಲ ಟಿಪ್ಪಣಿಗಳ ನಕಲನ್ನು ಬೇಡತಕ್ಕದ್ದು. ಎಕರೆ ಗುಂಟೆಗಳ ಲೆಕ್ಕವು ತಾನೇ ಮಾತನಾಡುವುದು. ನಕ್ಷೆ ಟಿಪ್ಪಣಿಗಳು ಭೂಮಾಪನ ಶಾಖೆಯವು. ಪಹಣಿಯು ತಹಶೀಲ್ದಾರರ ಕಚೇರಿಯದು.

ಕರ್ನಾಟಕದ ನಿಯಮದಂತೆ ಶುಲ್ಕವು 10 ರೂಪಾಯಿ. ಅರ್ಜಿಯು ಒಂದೇ ವಿಷಯದ್ದಾಗಿ, ಸಾಧಾರಣವಾಗಿ 150 ಶಬ್ದಗಳನ್ನು ಮೀರದಿರಬೇಕು. (ನಮ್ಮಂಥ ಪಾಠಶಾಲೆಯವರಿಗೆ ಇದು ಕಠಿನವಾದ ವ್ರತವೇ ಸರಿ.) ಉತ್ತರಕ್ಕೆ 30 ದಿನಗಳ ಅವಧಿ. ಕಡತ ಸಿಕ್ಕಲಿಲ್ಲವೆಂಬ ಉತ್ತರ ಬಂದರೆ ಸುಮ್ಮನಾಗಬಾರದು. ದಾಖಲೆಗಳನ್ನು ಪಟ್ಟಿಮಾಡಿ ಕಾಪಾಡುವುದು ಅದೇ ಕಾಯಿದೆಯ ನಾಲ್ಕನೆಯ ಪ್ರಕರಣವು ಕಚೇರಿಗೆ ವಿಧಿಸಿರುವ ಕರ್ತವ್ಯ. ಅದನ್ನು ಕಾಣಿಸಿ 30 ದಿನಗಳೊಳಗಾಗಿ ಮೇಲಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು.