ಕಟ್ಟಡ ನಿಂತಿತು, ಆಸ್ಪತ್ರೆ ನಿಂತುಹೋಯಿತು

ಅಮೆರಿಕದ ಲಾಸ್ ಏಂಜಲಿಸ್‌ನ ಉತ್ತರಕ್ಕಿರುವ ಸಿಲ್ಮಾರ್‌ನಲ್ಲಿ ಆಲಿವ್ ವ್ಯೂ ಆಸ್ಪತ್ರೆಯ ಹೊಸ ಕಟ್ಟಡ ಆರಂಭವಾಗಿ ಕೆಲವೇ ವಾರಗಳಾಗಿದ್ದವು. 1971ರ ಫೆಬ್ರುವರಿ 9ರಂದು ಬೆಳಿಗ್ಗೆ ಆರು ಗಂಟೆಗೆ ಭೂಮಿ ನಡುಗಿತು. ಮೆಟ್ಟಿಲುಗಳಿದ್ದ ಗೋಪುರಗಳು ಮುಖ್ಯ ಕಟ್ಟಡದಿಂದ ಕಳಚಿ ಉರುಳಿದವು. ಚಾವಣಿ ಕುಸಿದು ಅದರಡಿ ನಿಂತಿದ್ದ ಆಂಬುಲೆನ್ಸ್‌ಗಳು ಜಜ್ಜಿಹೋದವು. ಗಾಯಾಳುಗಳನ್ನು ಕರೆತರಬೇಕಾದ ವಾಹನಗಳಿಗೇ ಈ ಗತಿ!

ಮೇಲಿನ ಅಂತಸ್ತುಗಳಲ್ಲಿ ಗಟ್ಟಿ ಗೋಡೆಗಳಿದ್ದವು, ಕೆಳಗೆ ಬಹುಪಾಲು ಕಂಬಗಳೇ. ಮೈ ಭಾರ, ಕಾಲು ಸಣ್ಣ ಎಂಬ ಸ್ಥಿತಿ. ಅಲ್ಲಿ ಮೂವರು ಸತ್ತರು. ಅವರಲ್ಲಿ ಇಬ್ಬರ ಮೇಲೆ ಏನೂ ಬೀಳಲಿಲ್ಲ. ವಿದ್ಯುತ್ ಹೋಗಿ ಅವರ ಜೀವ ಹಿಡಿದಿದ್ದ ಯಂತ್ರಗಳು ನಿಂತವು. ಸಮೀಪದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ 1920ರ ದಶಕದ ಕಟ್ಟಡಗಳು ಕುಸಿದು ನಲವತ್ತಕ್ಕೂ ಹೆಚ್ಚು ಜನ ಮಡಿದರು.

ಕ್ಯಾಲಿಫೋರ್ನಿಯಾ 1973ರಲ್ಲಿ ಆಸ್ಪತ್ರೆಗಳಿಗೆಂದೇ ಪ್ರತ್ಯೇಕ ಕಾನೂನು ಜಾರಿಗೆ ತಂದಿತು. ಮನೆ ಬೀಳದಿದ್ದರೆ ಸಾಕು. ಆಸ್ಪತ್ರೆ ಭೂಕಂಪದ ಮರುಗಳಿಗೆಯಲ್ಲೂ ಕೆಲಸ ಮಾಡಬೇಕು ಎಂಬುದು ಅದರ ತಿರುಳು. 2001ರ ಜನವರಿ 26ರಂದು ಗುಜರಾತಿನ ಭುಜ್‌ನಲ್ಲಿ ಸರ್ಕಾರಿ ಆಸ್ಪತ್ರೆ ಕುಸಿದು ಗಾಯಾಳುಗಳಿಗೆ ಬಯಲಿನಲ್ಲೇ ಚಿಕಿತ್ಸೆ ನೀಡಬೇಕಾಗಿ ಬಂದುದನ್ನು ನೆನೆದರೆ ಇದರ ಅರ್ಥ ಸ್ಪಷ್ಟವಾಗುತ್ತದೆ.

ಆಲಿವ್ ವ್ಯೂವನ್ನು ಕೆಡವಿ, ಉಕ್ಕಿನ ಫಲಕಗಳ ಗೋಡೆ ಕೊಟ್ಟು ಮತ್ತೆ ಕಟ್ಟಲಾಯಿತು. 1994ರ ಜನವರಿ 17ರ ನಸುಕಿನಲ್ಲಿ ನಾರ್ತ್‌ರಿಡ್ಜ್ ಭೂಕಂಪ ಅದನ್ನು ಪರೀಕ್ಷಿಸಿತು. ಕಟ್ಟಡ ಅಲುಗಿತೇ ಹೊರತು ಜಗ್ಗಲಿಲ್ಲ. ಎಂಜಿನಿಯರುಗಳು ಬೆನ್ನು ತಟ್ಟಿಕೊಳ್ಳಬಹುದಿತ್ತು. ಆದರೆ ಬೆಂಕಿ ಆರಿಸಲೆಂದು ಒಳಮಾಳಿಗೆಯಲ್ಲಿ ಹಾಯಿಸಿದ್ದ ನೀರಿನ ಕೊಳವೆಗಳು ಒಡೆದವು. ವಾರ್ಡುಗಳಿಗೆ ನೀರು ನುಗ್ಗಿತು. ಮುನ್ನೂರಕ್ಕೂ ಹೆಚ್ಚು ರೋಗಿಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು. ಊರಿಗೆ ಆಸ್ಪತ್ರೆ ಅತಿ ಅಗತ್ಯವಿದ್ದ ದಿನವೇ ಅದು ಬರಿದಾಯಿತು. 1971ರಲ್ಲಿ ನಿಂತ ಆ ಯಂತ್ರಗಳು ಹೇಳಿದ್ದೂ ಇದನ್ನೇ. ಆದರೆ ಅಂದು ಎಲ್ಲರ ಕಣ್ಣು ಬಿದ್ದದ್ದು ಕಂಬಗಳ ಮೇಲೆ.

ಅದೇ ವರ್ಷ ಬಂದ ಇನ್ನೊಂದು ಕಾನೂನಿನಡಿ ಆಸ್ಪತ್ರೆ ಕಟ್ಟಡಗಳನ್ನು ಎರಡು ಬಗೆಯಲ್ಲಿ ಅಳೆಯತೊಡಗಿದರು. ಕಂಬ, ತೊಲೆ, ಗೋಡೆಗಳಿಗೆ ಒಂದರಿಂದ ಐದರವರೆಗೆ ಒಂದು ದರ್ಜೆ; ಕೊಳವೆ, ಜನರೇಟರ್, ಆಮ್ಲಜನಕದ ಟ್ಯಾಂಕಿನಂಥವುಗಳಿಗೆ ಇನ್ನೊಂದು. ಟ್ಯಾಂಕನ್ನು ನೆಲಕ್ಕೆ ಬಿಗಿಯುವುದು, ಕೊಳವೆಗೆ ಆಸರೆ ಕೊಡುವುದು ಹೋಲಿಕೆಯಲ್ಲಿ ಸಣ್ಣ ಖರ್ಚು. ಹಳೆಯ ಕಟ್ಟಡವನ್ನೇ ಬಲಪಡಿಸುವುದು ಹಾಗಲ್ಲ. ಕುಸಿಯುವ ಅಪಾಯವಿರುವ ಕಟ್ಟಡಗಳನ್ನು 2008ರೊಳಗೆ ಸರಿಪಡಿಸಬೇಕು, 2030ರ ಹೊತ್ತಿಗೆ ಉಳಿದವೂ ಭೂಕಂಪದ ಬಳಿಕ ಕೆಲಸ ಮಾಡುವಂತಿರಬೇಕು ಎಂದು ಕಾನೂನು ಗಡುವು ವಿಧಿಸಿತ್ತು. ಹಣವಿಲ್ಲವೆಂದು ಆಸ್ಪತ್ರೆಗಳು ಕೇಳಿಕೊಂಡಂತೆಲ್ಲ ಮೊದಲ ಗಡುವು ಹಲವು ಸಲ ಮುಂದಕ್ಕೆ ಹೋಯಿತು.