ಮಾತ್ರೆಯಿಂದ ಗುಣಕ್ಕೆ: ಇಂಗ್ಲಿಷ್ ಸ್ವರಗಳ ಹ್ರಸ್ವ–ದೀರ್ಘ ವಿಭಾಗದ ಚರಿತ್ರೆ

ಇಂಗ್ಲಿಷ್ ಕಲಿಸುವ ಪಠ್ಯಗಳು ಆ ಭಾಷೆಯ ಸ್ವರಗಳನ್ನು ‘ಹ್ರಸ್ವ’ ಮತ್ತು ‘ದೀರ್ಘ’ ಎಂದು ವಿಭಾಗಿಸುತ್ತವೆ. ಅವುಗಳ ಪ್ರಕಾರ ‘ಹ್ಯಾಟ್’ ಪದದ ಸ್ವರ ಹ್ರಸ್ವ, ‘ಹೇಟ್’ ಪದದ್ದು ಅದರ ದೀರ್ಘ. ‘ಬಿಟ್’ನ ಸ್ವರಕ್ಕೆ ‘ಬೈಟ್’ನ ಸ್ವರವೇ ದೀರ್ಘರೂಪ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು ಎಂಬ ಲೆಕ್ಕಕ್ಕೆ ಒಗ್ಗಿದ ಕನ್ನಡದ ಅಭ್ಯಾಸಿಗೆ ಇದು ವಿಚಿತ್ರವಾಗಿ ಕಾಣುವುದು ಸಹಜ. ‘ಐ’ ಎಂಬುದು ‘ಇ’ಕಾರದ ದೀರ್ಘವಲ್ಲ. ನಮ್ಮ ಬರವಣಿಗೆಯೂ ಈ ವಿಭಾಗವನ್ನು ಒಪ್ಪಿಕೊಂಡಿಲ್ಲ. ಇಂಗ್ಲಿಷಿನವರು ಹ್ರಸ್ವವೆನ್ನುವ ಸ್ವರಗಳನ್ನೇ ನಾವು ‘ಬ್ಯಾಂಕ್’, ‘ಡಾಕ್ಟರ್’ ಎಂದು ದೀರ್ಘಚಿಹ್ನೆಯೊಡನೆ ಬರೆಯುತ್ತೇವೆ. ಇಂಗ್ಲಿಷಿನ ಈ ಹೆಸರುಗಳು ಒಂದು ಕಾಲದಲ್ಲಿ ನಿಜವಾಗಿದ್ದ ಮಾತ್ರಾಭೇದದ ಅವಶೇಷಗಳೆಂದೂ, ಆ ಭೇದವನ್ನು ಪುನರ್ವಿತರಿಸಿದ್ದು ಸ್ವರವಲ್ಲ, ಅಕ್ಷರದ ತೂಕವೆಂದೂ ಇಲ್ಲಿ ವಾದಿಸುತ್ತೇವೆ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಈ ಚರಿತ್ರೆ ಹ್ರಸ್ವ–ದೀರ್ಘಗಳದ್ದಕ್ಕಿಂತ ಹೆಚ್ಚಾಗಿ ಲಘು–ಗುರುಗಳದ್ದು.

ಹಳೆಯ ಇಂಗ್ಲಿಷಿನಲ್ಲಿ ಸ್ವರದ ಮಾತ್ರೆ ಅರ್ಥಭೇದಕವಾಗಿತ್ತು. ‘ಗೊದ್’ ಎಂದರೆ ದೇವರು, ‘ಗೋದ್’ ಎಂದರೆ ಒಳ್ಳೆಯದು. ಆದರೆ ಹಸ್ತಪ್ರತಿಗಳು ಈ ಭೇದವನ್ನು ಕ್ರಮಬದ್ಧವಾಗಿ ಗುರುತಿಸಲಿಲ್ಲ. ಇಂದಿನ ಮುದ್ರಿತ ಆವೃತ್ತಿಗಳಲ್ಲಿ ಸ್ವರದ ಮೇಲೆ ಕಾಣುವ ಅಡ್ಡಗೆರೆ ಆಧುನಿಕ ಸಂಪಾದಕರು ಹಾಕಿದ್ದು. ಆದ್ದರಿಂದ ಮಾತ್ರೆಯನ್ನು ಬರವಣಿಗೆಗೆ ಇಳಿಸಲು ಹಟತೊಟ್ಟ ಒಬ್ಬ ಲಿಪಿಕಾರನ ಸಾಕ್ಷ್ಯ ನಮಗೆ ಅಮೂಲ್ಯವಾಗುತ್ತದೆ.

ಅವನೇ ಓರ್ಮ್, 12ನೆಯ ಶತಮಾನದ ಉತ್ತರಾರ್ಧದಲ್ಲಿ ಪೂರ್ವ ಇಂಗ್ಲೆಂಡಿನಲ್ಲಿದ್ದ ಅಗಸ್ಟೀನಿಯನ್ ಪಂಥದ ಮಠವಾಸಿ. ಅವನ ‘ಓರ್ಮ್ಯುಲಮ್’ನ ಏಕೈಕ ಪ್ರತಿ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಕಾವ್ಯವಾಗಿ ಅದು ನೀರಸವೆಂದು ಹೇಳದೆ ವಿಧಿಯಿಲ್ಲ. ಧ್ವನಿಚರಿತ್ರೆಗೆ ಮಾತ್ರ ಅದಕ್ಕೆ ಸಾಟಿಯಿಲ್ಲ. ವ್ಯಂಜನದಿಂದ ಮುಗಿಯುವ ಅಕ್ಷರದಲ್ಲಿ ಸ್ವರ ಹ್ರಸ್ವವಾಗಿದ್ದರೆ ಓರ್ಮ್ ಆ ವ್ಯಂಜನವನ್ನು ಎರಡು ಸಲ ಬರೆಯುತ್ತಾನೆ. ತನ್ನ ಕೃತಿಯನ್ನು ನಕಲು ಮಾಡುವವರೂ ಹಾಗೆಯೇ ಬರೆಯಬೇಕೆಂದು ಆಗ್ರಹಪಡಿಸುತ್ತಾನೆ. ಮಗು ಎಂಬರ್ಥದ ‘ಚೈಲ್ಡ್’ ಪದದಲ್ಲಿ ಅವನ ಲಕಾರ ಒಂದೇ. ಅದರ ಬಹುವಚನದಲ್ಲಿ ಎರಡು. ‘ಲ್ಡ್’ ಗುಂಪಿನ ಹಿಂದೆ ದೀರ್ಘವಾಗಿದ್ದ ಸ್ವರ, ಮೂರನೆಯ ವ್ಯಂಜನ ಸೇರಿದಲ್ಲಿ ಹ್ರಸ್ವವಾಗಿಯೇ ಉಳಿಯಿತೆಂಬುದಕ್ಕೆ ಇದು ಪ್ರತ್ಯಕ್ಷ ಪ್ರಮಾಣ. ಇಂದಿನ ‘ಚೈಲ್ಡ್’–‘ಚಿಲ್ಡ್ರನ್’ ಜೋಡಿಯ ಬೇರು ಅಲ್ಲಿದೆ.

ಓರ್ಮನ ದ್ವಿತ್ವ ಸೂಚಿಸುವುದು ಸ್ವರದ ಹ್ರಸ್ವತೆಯನ್ನೋ ವ್ಯಂಜನದ ದೀರ್ಘತೆಯನ್ನೋ ಎಂಬ ಚರ್ಚೆ 19ನೆಯ ಶತಮಾನದಿಂದ ನಡೆದುಬಂದಿದೆ. ಇದನ್ನು ಇದೋ ಅದೋ ಎಂದು ಕೇಳುವುದೇ ಸರಿಯಲ್ಲವೆಂದು ನಮಗೆ ತೋರುತ್ತದೆ. ಎರಡು ಸ್ವರಗಳ ನಡುವೆ ಓರ್ಮ್ ಮನಬಂದಂತೆ ದ್ವಿತ್ವ ಬರೆಯುವುದಿಲ್ಲ. ಮಗ ಎಂಬರ್ಥದ ‘ಸುನೆ’ಯಲ್ಲಿ ಒಂದು ನಕಾರ, ಸೂರ್ಯ ಎಂಬರ್ಥದ ‘ಸುನ್ನೆ’ಯಲ್ಲಿ ಎರಡು, ನಮ್ಮ ‘ಕತೆ’–‘ಕತ್ತೆ’ಗಳಂತೆ ಅಲ್ಲಿ ಸ್ವರ ಎರಡರಲ್ಲಿಯೂ ಹ್ರಸ್ವ, ಅಕ್ಷರದ ತೂಕ ಮಾತ್ರ ಬೇರೆ. ‘ಸುನೆ’ಯಂಥ ಪದಗಳಲ್ಲಿ ಹ್ರಸ್ವತೆಯನ್ನು ತೋರಿಸಬೇಕಾದಾಗ ಅವನು ದ್ವಿತ್ವವನ್ನು ಬಿಟ್ಟು ಕೆಲವೊಮ್ಮೆ ಸ್ವರದ ಮೇಲೆ ಪ್ರತ್ಯೇಕ ಚಿಹ್ನೆ ಇಡುತ್ತಾನೆ. ಅಂದರೆ ಸ್ವರಗಳ ನಡುವೆ ದ್ವಿತ್ವಕ್ಕೆ ಉಚ್ಚಾರಣೆಯ ಆಧಾರವಿತ್ತು. ಅಕ್ಷರಾಂತ್ಯದಲ್ಲಿ ಅದು ಸ್ವರದ ಸೂಚಕವಾಗತೊಡಗಿತ್ತು.

ಮುಂದಿನ ಎರಡು ಶತಮಾನಗಳಲ್ಲಿ ಆಧಾರಗಳೆರಡೂ ಕುಸಿದವು. ಸ್ವರಾಂತವಾದ ಒತ್ತಕ್ಷರದಲ್ಲಿ, ಅಂದರೆ ಬಲಾಘಾತವುಳ್ಳ ಅಕ್ಷರದಲ್ಲಿ, ಹ್ರಸ್ವ ದೀರ್ಘವಾಯಿತು: ಹೆಸರು ಎಂಬರ್ಥದ ‘ನಮ’ ‘ನಾಮೆ’ಯಾಯಿತು. ಹಿಂದೆಯೇ ‘ಕೀಪ್’ ಕ್ರಿಯಾಪದದ ಭೂತರೂಪದಂಥ ಕಡೆಗಳಲ್ಲಿ, ಒತ್ತಾಗಿ ಬಂದ ವ್ಯಂಜನಗಳ ಮುಂದೆ ದೀರ್ಘ ಹ್ರಸ್ವವಾಗಿತ್ತು. ಒತ್ತಕ್ಷರವು ಗುರುವಾಗಿರಬೇಕು, ಆದರೆ ಅತಿಭಾರವಾಗಬಾರದು ಎಂಬ ಒಂದೇ ಒತ್ತಡ ಎರಡರಲ್ಲಿಯೂ ಕಾಣುತ್ತದೆ. ತಮಿಳಿನ ‘ಆಟ್ಟಂ’, ‘ಕೂಟ್ಟಂ’ಗಳೆದುರು ಕನ್ನಡದ ‘ಆಟ’, ‘ಕೂಟ’ಗಳನ್ನಿಟ್ಟು ನೋಡುವವರಿಗೆ ಅತಿಭಾರವನ್ನು ಇಳಿಸುವ ಈ ಪ್ರವೃತ್ತಿ ಅಪರಿಚಿತವಲ್ಲ, ಕನ್ನಡ ವ್ಯಂಜನವನ್ನು ಸಡಿಲಿಸಿತು, ಇಂಗ್ಲಿಷ್ ಸ್ವರವನ್ನು ಮೊಟಕುಗೊಳಿಸಿತು.

ಆಮೇಲೆ ದ್ವಿತ್ವದ ಉಚ್ಚಾರಣೆಯೂ ಪದಾಂತ್ಯದ ದುರ್ಬಲ ಸ್ವರವೂ ಲುಪ್ತವಾದವು. ಅವುಗಳ ಬರಹ ಮಾತ್ರ ಉಳಿಯಿತು. ಉಚ್ಚಾರಣೆಯ ಹೊರೆ ಕಳಚಿಕೊಂಡ ಈ ಅಕ್ಷರಗಳು ಹಿಂದಿನ ಸ್ವರವನ್ನು ಓದುವ ಸೂಚನೆಗಳಾದವು. ಇದಕ್ಕೆ ನಿರ್ಣಾಯಕ ಸಾಕ್ಷಿ ‘ವೈಫ್’, ‘ಸ್ಟೋನ್’, ‘ಹೋಮ್’ ಪದಗಳು. ಹಳೆಯ ಇಂಗ್ಲಿಷಿನ ‘ವೀಫ್’, ‘ಸ್ತಾನ್’, ‘ಹಾಮ್’ಗಳ ಪ್ರಥಮಾ ರೂಪಗಳಲ್ಲಿ ಪದಾಂತ್ಯದ ಸ್ವರವೇ ಇರಲಿಲ್ಲ, ಈಗ ಬರಹದಲ್ಲಿ ಕಾಣುವ ಕೊನೆಯ ಮೂಕಾಕ್ಷರ ತರುವಾಯ ಸೇರಿದ್ದು. ‘ಹ್ಯಾವ್’, ‘ಗಿವ್’ಗಳ ಕೊನೆಯ ಮೂಕಾಕ್ಷರದ ಕತೆ ಬೇರೆ: ವಕಾರಸೂಚಕ ಅಕ್ಷರದಲ್ಲಿ ಪದ ಮುಗಿಯಬಾರದೆಂಬ ಬರಹದ ರೂಢಿಯೇ ಅಲ್ಲಿನ ಕಾರಣ.

16ನೆಯ ಶತಮಾನದಲ್ಲಿ ಈ ರೂಢಿಯ ಹಣೆಬರಹ ತೀರ್ಮಾನವಾಯಿತು. 1569ರಲ್ಲಿ ಜಾನ್ ಹಾರ್ಟ್, ಮೂಕಾಕ್ಷರಗಳನ್ನು ಕೈಬಿಟ್ಟು ದೀರ್ಘಸ್ವರದ ಕೆಳಗೆ ಚುಕ್ಕೆಯಿಡುವ ಪದ್ಧತಿಯನ್ನು ಮುಂದಿಟ್ಟ. 1582ರಲ್ಲಿ ಲಂಡನ್ನಿನ ಶಾಲಾಮುಖ್ಯಸ್ಥ ರಿಚರ್ಡ್ ಮಲ್ಕಾಸ್ಟರ್ ಪ್ರಚಲಿತ ರೂಢಿಯನ್ನೇ ನಿಯಮವಾಗಿ ಸಂಘಟಿಸಿದ. ಗೆದ್ದದ್ದು ಮಲ್ಕಾಸ್ಟರನ ಪಕ್ಷ. ಹಾರ್ಟನ ಪದ್ಧತಿ ಶಾಸ್ತ್ರೀಯವಾಗಿತ್ತು, ಆದರೆ ಅವನ ಕಾಲದಲ್ಲಿಯೇ ದೀರ್ಘಸ್ವರಗಳು ನೆಲೆ ಬದಲಿಸುತ್ತಿದ್ದವು. 1909ರಲ್ಲಿ ಯೆಸ್ಪರ್ಸನ್ ‘ಮಹಾ ಸ್ವರಪಲ್ಲಟ’ವೆಂದು ಹೆಸರಿಸಿದ ಆ ಪರಿವರ್ತನೆಯಲ್ಲಿ ‘ಈ’ ಕ್ರಮೇಣ ‘ಐ’ ಆಯಿತು, ‘ಏ’ ‘ಈ’ ಆಯಿತು. ಹ್ರಸ್ವಗಳು ಬಹುಮಟ್ಟಿಗೆ ಇದ್ದಲ್ಲಿಯೇ ಉಳಿದವು. ಮಾತ್ರೆಯಲ್ಲಷ್ಟೇ ಬೇರೆಯಾಗಿದ್ದ ಜೋಡಿಗಳು ಹೀಗೆ ಗುಣದಲ್ಲಿ ದೂರ ಸರಿದವು.

ಇಂದು ‘ಬ್ಯಾಡ್’ ಪದದ ‘ಹ್ರಸ್ವ’ ಸ್ವರ, ‘ಬೀಟ್’ ಪದದ ‘ದೀರ್ಘ’ಕ್ಕಿಂತ ಹೆಚ್ಚು ಹೊತ್ತು ಉಚ್ಚರಿತವಾಗಬಲ್ಲದು, ವಿವೃತ ಸ್ವರವೂ ಮುಂದಿನ ಘೋಷ ವ್ಯಂಜನವೂ ಅದಕ್ಕೆ ಕಾರಣ. ಇಂಥಲ್ಲಿ ನಮ್ಮ ವ್ಯಾಕರಣದ ಹ್ರಸ್ವ–ದೀರ್ಘಗಳನ್ನು ಇಂಗ್ಲಿಷಿನ ವರ್ಗಗಳಿಗೆ ನೇರವಾಗಿ ಅಂಟಿಸುವುದು ಪ್ರಯೋಗಾಲಯದ ಅಳತೆಗಳನ್ನೇ ತಪ್ಪಾಗಿ ಓದಿಸುತ್ತದೆ. ವರ್ಣನಾತ್ಮಕ ಬರಹಗಳಲ್ಲಿ ‘ಬಿಗಿ’–‘ಸಡಿಲ’ ಎಂಬ ಜೋಡಿಯನ್ನು ಬಳಸಿ, ಹ್ರಸ್ವ–ದೀರ್ಘಗಳನ್ನು ಚಾರಿತ್ರಿಕ ಚರ್ಚೆಗೆ ಮೀಸಲಿಡುವುದು ಲೇಸೆಂದು ಸೂಚಿಸುತ್ತೇವೆ. ಅಲ್ಲಿಯೂ ಎಚ್ಚರ ಬೇಕು. ‘ಫುಡ್’, ‘ಗುಡ್’, ‘ಬ್ಲಡ್’ ಎಂದು ಕನ್ನಡದಲ್ಲಿ ಬರೆಯುವ ಮೂರೂ ಪದಗಳಿಗೆ ಹಿಂದೆ ಒಂದೇ ‘ಓ’ಕಾರವಿತ್ತು, ಇಂಗ್ಲಿಷ್ ಬರಹದಲ್ಲಿ ಇಂದಿಗೂ ಒಂದೇ ಜೋಡಿ-ಅಕ್ಷರವಿದೆ. ಮೊದಲನೆಯದು ದೀರ್ಘವಾಗಿ ಉಳಿಯಿತು. ಮೂರನೆಯದು ಬೇಗ ಹ್ರಸ್ವಗೊಂಡು ‘ಕಟ್’ ಪದದ ಸ್ವರದೊಡನೆ ಸಾಗಿತು. ಎರಡನೆಯದು ತಡವಾಗಿ ಹ್ರಸ್ವಗೊಂಡಿದ್ದರಿಂದ ಆ ದಾರಿ ತಪ್ಪಿಸಿಕೊಂಡಿತು.